ತಮ್ಮನಿಗೆ ಬಂದ ಜೂರಿ ಕರೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ತಮ್ಮ ಇಲ್ಲಿನ ಪ್ರಜೆ. ಹದಿನೈದು ವರ್ಷದ ಹಿಂದೆ ಚೆಕ್ ಮೋಸದ ಕೇಸಿನಲ್ಲಿ ಅವನಿಗೆ ಫೆಲನಿ, ಅಂದ್ರೆ ಗಂಭೀರ ಅಪರಾಧದ, ಶಿಕ್ಷೆ ಆಯ್ತು. ಜೈಲು, ಪ್ರೊಬೇಷನ್ ಎರಡೂ ಮುಗಿದು ಎಷ್ಟೋ ಕಾಲವಾಗಿದೆ. ಈಗ ಕೌಂಟಿ ಕೋರ್ಟಿನಿಂದ ಜೂರಿಗೆ, ಅಂದ್ರೆ ಕೇಸು ಕೇಳಿ ತೀರ್ಪು ಹೇಳೋ ಸಾಮಾನ್ಯ ನಾಗರಿಕರ ಗುಂಪಿಗೆ, ಕರೆ ಬಂದಿದೆ. ಫಾರ್ಮಿನಲ್ಲಿ 'ಈಗ ಪೆರೋಲ್ ಅಥವಾ ಫೆಲನಿ ಪ್ರೊಬೇಷನ್ ಮೇಲಿದ್ದೀರಾ' ಅನ್ನೋ ಸಾಲು ಕಂಡ ಕೂಡಲೇ ಪೆನ್ನು ಕೆಳಗಿಟ್ಟ. 'ಇದೆಲ್ಲ ನನ್ನಂಥವನಿಗಲ್ಲ, ಅಕ್ಕ' ಅಂತಾನೆ. ಹರಿದು ಹಾಕೋಣವಾ?"

ಸಂಪಾದಕರ ಉತ್ತರ:

ಬೇಡ, ಹರಿಯಬೇಡಿ. ಆ ಸಾಲನ್ನು ತಮ್ಮನ ಜೊತೆ ಕೂತು ಇನ್ನೊಮ್ಮೆ ಓದಿ. 'ಈಗ' ಅಂತ ಇದೆ, ಅಲ್ವಾ? ಅವರ ಉತ್ತರ 'ಇಲ್ಲ'. ಅಷ್ಟೇ.

ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಮೊದಲು ಕ್ಯಾಲಿಫೋರ್ನಿಯಾದಲ್ಲಿ ಫೆಲನಿ ಶಿಕ್ಷೆಯಾದವರನ್ನು ಜೂರಿಯಿಂದ ಹೊರಗೇ ಇಡುತ್ತಿದ್ದರು. ಶಿಕ್ಷೆ ಮುಗಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಸೆನೆಟರ್ ನ್ಯಾನ್ಸಿ ಸ್ಕಿನ್ನರ್ ತಂದ ಎಸ್‌ಬಿ 310 ಮಸೂದೆ 2019ರಲ್ಲಿ ಪಾಸಾಯಿತು. 2020ರ ಜನವರಿ 1ರಿಂದ ಜಾರಿಯಲ್ಲಿದೆ. ಈಗ ಜೈಲಿನಲ್ಲಿರುವವರು, ಫೆಲನಿಗಾಗಿ ಪೆರೋಲ್, ಪ್ರೊಬೇಷನ್‌ನಂಥ ನಿಗಾದಲ್ಲಿರುವವರು, ಫೆಲನಿ ಲೈಂಗಿಕ ಅಪರಾಧಕ್ಕಾಗಿ ಹೆಸರು ನೋಂದಾಯಿಸಬೇಕಾದವರು ಕೂರುವಂತಿಲ್ಲ. ನಿಮ್ಮ ತಮ್ಮ ಇದ್ಯಾವುದರಲ್ಲೂ ಬರುವುದಿಲ್ಲ.

ಒಂದು ಎಚ್ಚರಿಕೆ. ಮುಂದೆ ಫೆಡರಲ್, ಅಂದರೆ ಕೇಂದ್ರದ, ಕೋರ್ಟಿನಿಂದ ಕಾಗದ ಬಂದರೆ ಲೆಕ್ಕ ಬೇರೆ. ಒಂದು ವರ್ಷಕ್ಕಿಂತ ಜಾಸ್ತಿ ಜೈಲು ವಿಧಿಸಬಹುದಾದ ಅಪರಾಧದಲ್ಲಿ ಶಿಕ್ಷೆಯಾಗಿದ್ದು, ನಾಗರಿಕ ಹಕ್ಕುಗಳು ವಾಪಸ್ ಸಿಕ್ಕಿರದಿದ್ದರೆ ಅಲ್ಲಿ ಅವಕಾಶವಿಲ್ಲ. ಊರು ಬಿಟ್ಟರೂ ಕಾನೂನು ಬದಲಾಗುತ್ತದೆ. ಮೇನ್ ರಾಜ್ಯದಲ್ಲಿ ಇಂಥ ನಿರ್ಬಂಧವೇ ಇಲ್ಲ. ಇಂಗ್ಲೆಂಡಿನಲ್ಲಿ ಐದು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾಗಿದ್ದರೆ ಜೀವನಪೂರ್ತಿ ಕೂರುವಂತಿಲ್ಲ.

ಕೋರ್ಟಿನಲ್ಲಿ ಜೂರಿ ಆರಿಸುವಾಗ ಹಳೆಯ ಕೇಸಿನ ಬಗ್ಗೆ ಕೇಳಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಪ್ರಮಾಣ ಮಾಡಿ ಕೊಡುವ ಉತ್ತರ ಅದು, ಮುಚ್ಚಿಟ್ಟರೆ ಹೊಸ ತೊಂದರೆ. ಎಲ್ಲರ ಮುಂದೆ ಹೇಳಲು ಸಂಕೋಚವಾದರೆ, ನ್ಯಾಯಾಧೀಶರ ಹತ್ತಿರ ಪ್ರತ್ಯೇಕವಾಗಿ ಮಾತಾಡಬಹುದೇ ಎಂದು ಕೇಳಲಿ. ವಕೀಲರು ಅವರನ್ನು ಬೇಡ ಅನ್ನಲೂಬಹುದು. ಅದು ಅವಮಾನವಲ್ಲ. ಏನೂ ಕೇಸಿಲ್ಲದವರನ್ನೂ ದಿನಾ ಹಾಗೆ ವಾಪಸ್ ಕಳಿಸುತ್ತಾರೆ.

'ನನ್ನಂಥವನಿಗಲ್ಲ' ಎಂಬ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಆರೋಪಿಯ ಕುರ್ಚಿಯಲ್ಲಿ ಕೂತು, ಹನ್ನೆರಡು ಜನ ಏನು ಹೇಳುತ್ತಾರೋ ಎಂದು ಕಾಯುವುದು ಹೇಗಿರುತ್ತದೆ ಅಂತ ಅವರು ಊಹಿಸಿಕೊಳ್ಳಬಲ್ಲರು. ಅಂಥವರೊಬ್ಬರು ಆ ಹನ್ನೆರಡರಲ್ಲಿ ಇರಲೇಬೇಕು ಎಂದು ನಾನು ನಂಬುತ್ತೇನೆ. ಇದು ಅವರಿಗೆ ಯಾರೋ ತೋರಿಸಿದ ದಯೆಯಲ್ಲ, ಅವರ ಹಕ್ಕು.

ಫಾರ್ಮ್ ಕಳಿಸಲು ಕೊನೆಯ ದಿನ ಯಾವುದೆಂದು ಇವತ್ತೇ ನೋಡಿ. ಮೊದಲ ದಿನ ಕೋರ್ಟಿನ ಬಾಗಿಲವರೆಗೆ ನೀವೂ ಜೊತೆಗೆ ಹೋಗಿ.