ಡೆವಲಪ್‌ಮೆಂಟ್ ಸರ್ವರ್‌ನಲ್ಲಿ 'ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ' ಎರರ್: ಕನೆಕ್ಷನ್ ಮಿತಿ ಏರಿಸಬೇಕೇ, ಪಿಜಿಬೌನ್ಸರ್ ಹಾಕಬೇಕೇ?

ಎರಡೂ ಬೇಡ, ಮಿತಿ ಏರಿಸುವುದೂ ಬೇಡ, ಪಿಜಿಬೌನ್ಸರ್ (ಆ್ಯಪ್ ಮತ್ತು ಡೇಟಾಬೇಸ್ ನಡುವೆ ಕೂತು ಕನೆಕ್ಷನ್‌ಗಳನ್ನು ಹಂಚುವ ಸಾಧನ) ಹಾಕುವುದೂ ಬೇಡ. ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆ ಹೊತ್ತಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಈ ಎರರ್ ಕೊಡುತ್ತದೆ, ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ ಅಂದಿರಲ್ಲ, ನನಗೂ ಹೀಗೇ ಆಗಿತ್ತು.

ಡೇಟಾಬೇಸ್ ನನ್ನ ಮಷೀನ್‌ನಲ್ಲೇ ಇತ್ತು. ಬಳಸುವವನು ನಾನೊಬ್ಬನೇ. ಆದರೂ ಒಂದು ದಿನ ಈ ಎರರ್ ಬಂತು. ಏನಾಗಿದೆ ನೋಡೋಣ ಅಂತ ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಸಾಧನ ಪಿಎಸ್‌ಕ್ಯೂಎಲ್ ತೆರೆದರೆ ಅದನ್ನೂ ಒಳಗೆ ಬಿಡಲಿಲ್ಲ. ಒಟ್ಟು ಕನೆಕ್ಷನ್‌ಗಳ ಮಿತಿಯಾದ ಮ್ಯಾಕ್ಸ್_ಕನೆಕ್ಷನ್ಸ್ ಡಿಫಾಲ್ಟ್ ಆಗಿ 100 ಇರುತ್ತದೆ. ಅದನ್ನು 300 ಮಾಡಿ ಸರ್ವರ್ ರೀಸ್ಟಾರ್ಟ್ ಮಾಡಿದೆ. ಎರರ್ ಹೋಯಿತು. ಬಗೆಹರಿಯಿತು ಅಂದುಕೊಂಡೆ.

ನಾನು ದಾರಿ ತಪ್ಪಿದ್ದು ಇಲ್ಲೇ. ಹಾಗಾಗಿ ಬಿಡಿಸಿ ಹೇಳುತ್ತೇನೆ. ಆ ಸಂಖ್ಯೆ ಬದಲಾದರೆ ಬರೀ ರೀಲೋಡ್ ಸಾಲದು, ರೀಸ್ಟಾರ್ಟ್ ಮಾಡಲೇಬೇಕು. ರೀಸ್ಟಾರ್ಟ್ ಆದರೆ ನೇತಾಡುತ್ತಿದ್ದ ಕನೆಕ್ಷನ್‌ಗಳೆಲ್ಲ ಕಡಿದುಹೋಗುತ್ತವೆ. ಅಂದರೆ ಎರರ್ ಹೋಗಿದ್ದು ರೀಸ್ಟಾರ್ಟ್‌ನಿಂದ, ನಾನು ನಂಬಿದ್ದು 300 ಎಂಬ ಸಂಖ್ಯೆಯನ್ನು. 100 ಅಂತಲೇ ಬಿಟ್ಟು ರೀಸ್ಟಾರ್ಟ್ ಮಾಡಿದ್ದರೂ ಎರರ್ ಹೋಗುತ್ತಿತ್ತು. ಜೊತೆಗೆ, ಯಾವ ಕನೆಕ್ಷನ್ ಯಾಕೆ ತೆರೆದೇ ಇತ್ತು ಎಂಬ ಸುಳಿವೂ ರೀಸ್ಟಾರ್ಟ್‌ನಲ್ಲೇ ಅಳಿಸಿಹೋಯಿತು.

ಪಿಎಸ್‌ಕ್ಯೂಎಲ್ ಯಾಕೆ ಒಳಗೆ ಹೋಗಲಿಲ್ಲ ಎಂಬುದೂ ಇದಕ್ಕೇ ಸೇರಿದ್ದು. ಆ 100ರಲ್ಲಿ 3 ಜಾಗ ಸೂಪರ್‌ಯೂಸರ್‌ಗೆ ಮೀಸಲು. ಎಲ್ಲ ತುಂಬಿದಾಗಲೂ ಅಡ್ಮಿನ್ ಒಳಗೆ ಹೋಗಿ ನೋಡಲಿ ಎಂದೇ ಅದನ್ನು ಇಟ್ಟಿರುವುದು. ನಾನು ಆ್ಯಪ್‌ಗೂ 'ಪೋಸ್ಟ್‌ಗ್ರೆಸ್' ಎಂಬ ಸೂಪರ್‌ಯೂಸರ್ ಹೆಸರನ್ನೇ ಕೊಟ್ಟಿದ್ದೆ. ಡೆವಲಪ್‌ಮೆಂಟ್ ತಾನೇ ಅಂತ ಎಷ್ಟೋ ಜನ ಹೀಗೆ ಮಾಡುತ್ತಾರೆ. ಆ್ಯಪ್ ಆ 3 ಜಾಗವನ್ನೂ ನುಂಗಿತು. ನಿಮ್ಮದೂ ಹಾಗೇ ಇರಬಹುದು. ಸಾಮಾನ್ಯ ಯೂಸರ್ ಆಗಿದ್ದರೆ, ಉಳಿದ ಜಾಗ ಮೀಸಲು ಎಂಬ ಬೇರೆ ಎರರ್ ಮೊದಲು ಬರುತ್ತದೆ. ಮೊದಲು ಆ್ಯಪ್‌ಗೆ ಸೂಪರ್‌ಯೂಸರ್ ಅಲ್ಲದ ಬೇರೆ ರೋಲ್ (ಯೂಸರ್) ಮಾಡಿಕೊಡಿ. ಇದೊಂದು ಮಾಡಿದ್ದರೆ ನಾನು ಅವತ್ತೇ ಕಾರಣ ಹಿಡಿಯುತ್ತಿದ್ದೆ.

ಮಿತಿ 300 ಆದಮೇಲೆ ತೊಂದರೆ ಹೋಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಆಮೇಲೊಮ್ಮೆ ಮೈಗ್ರೇಶನ್ (ಟೇಬಲ್‌ಗಳ ರಚನೆ ಬದಲಿಸುವ ಸ್ಕ್ರಿಪ್ಟ್) ಓಡಿಸಿದೆ. ಒಂದು ಕಾಲಮ್ ಸೇರಿಸುವ ಆಲ್ಟರ್ ಟೇಬಲ್ ಅಲ್ಲಾಡದೆ ನಿಂತುಬಿಟ್ಟಿತು. ಅದರ ಹಿಂದೆ ಆ ಟೇಬಲ್‌ನ ಸಾಧಾರಣ ಸೆಲೆಕ್ಟ್‌ಗಳೂ ನಿಂತವು. ಈ ಸಲ ಜಾಗ ಉಳಿದಿತ್ತು, ಒಳಗೆ ಹೋಗಿ, ಯಾವ ಕನೆಕ್ಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ನೋಡಿದೆ. ಸಾಲು ಸಾಲಾಗಿ 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಟ್ರಾನ್ಸಾಕ್ಷನ್ ಶುರುಮಾಡಿ ಮುಗಿಸದೆ ಸುಮ್ಮನೆ ಕೂತವು. ಕ್ವೆರಿ ಕಾಲಮ್‌ನಲ್ಲಿ ಎಲ್ಲದಕ್ಕೂ ಒಂದೇ ಸೆಲೆಕ್ಟ್. ಸ್ಟೇಟ್_ಚೇಂಜ್ ಕಾಲಮ್‌ನಲ್ಲಿ ಗಂಟೆಗಟ್ಟಲೆ ಹಿಂದಿನ ಸಮಯ.

ಆ ಸೆಲೆಕ್ಟ್ ಹುಡುಕಿಕೊಂಡು ಕೋಡ್‌ಗೆ ಹೋದರೆ ಎಲ್ಲ ಗೊತ್ತಾಯಿತು. ಟ್ರಾನ್ಸಾಕ್ಷನ್ ಶುರು, ಸೆಲೆಕ್ಟ್, ಆಮೇಲೆ ಒಂದು ಪರಿಶೀಲನೆ. ಅದು ಫೇಲ್ ಆದರೆ ಫಂಕ್ಷನ್ ಅಲ್ಲೇ ರಿಟರ್ನ್ ಆಗುತ್ತಿತ್ತು. ಟ್ರಾನ್ಸಾಕ್ಷನ್ ರದ್ದುಮಾಡುವ ರೋಲ್‌ಬ್ಯಾಕ್ ಇಲ್ಲ, ಕನೆಕ್ಷನ್ ಪೂಲ್‌ಗೆ (ತೆರೆದ ಕನೆಕ್ಷನ್‌ಗಳನ್ನು ಮರುಬಳಕೆಗೆ ಇಟ್ಟುಕೊಳ್ಳುವ ಗುಂಪು) ವಾಪಸ್ ಇಲ್ಲ. ಫಾರ್ಮ್ ತಪ್ಪಾಗಿ ತುಂಬಿ ಟೆಸ್ಟ್ ಮಾಡಿದಾಗಲೆಲ್ಲ ಒಂದು ಕನೆಕ್ಷನ್ ಆ ಟೇಬಲ್‌ನ ಲಾಕ್ ಹಿಡಿದುಕೊಂಡೇ ಉಳಿಯುತ್ತಿತ್ತು; ಆಲ್ಟರ್ ಟೇಬಲ್ ಕಾಯುತ್ತಾ ನಿಂತಿದ್ದು ಅದಕ್ಕೇ. ಬಿಡುಗಡೆ ಮಾಡುವ ಸಾಲನ್ನು ಫೈನಲಿ ಬ್ಲಾಕ್‌ಗೆ ಹಾಕಿದೆ. ಅಷ್ಟೇ ರಿಪೇರಿ.

ಪಿಜಿಬೌನ್ಸರ್ ಒಳ್ಳೆಯ ಸಾಧನ, ಪ್ರೊಡಕ್ಷನ್‌ನಲ್ಲಿ ನಾನೂ ಬಳಸುತ್ತೇನೆ. ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಇನ್ನೊಬ್ಬರಿಗೆ ಕೊಡುವ ಟ್ರಾನ್ಸಾಕ್ಷನ್ ಪೂಲಿಂಗ್ ಇಟ್ಟರೂ, ಮುಗಿಯದ ಟ್ರಾನ್ಸಾಕ್ಷನ್ ಸರ್ವರ್ ಕನೆಕ್ಷನ್ ಬಿಟ್ಟುಕೊಡುವುದಿಲ್ಲ. ಉಳಿದವು ಸರದಿಯಲ್ಲಿ ಕಾಯುತ್ತವೆ. ಕ್ವೆರಿ_ವೇಟ್_ಟೈಮ್‌ಔಟ್‌ನ ಡಿಫಾಲ್ಟ್ 120 ಸೆಕೆಂಡ್ ಕಳೆದಮೇಲೆ ಇನ್ನೊಂದು ಎರರ್ ಬರುತ್ತದೆ. ಮೊದಲೇ ಕೈಗೆ ಸಿಗದಿದ್ದ ಮೂಲ ಕಾರಣವು ಇನ್ನೂ ಒಂದು ಪದರ ಒಳಗೆ ಹೋಗಿ ಕೂರುತ್ತದೆ.

ನನ್ನನ್ನು ಕೇಳಿದರೆ ಮಿತಿಯನ್ನು ಇಳಿಸಿ. ಡೆವಲಪ್‌ಮೆಂಟ್‌ನಲ್ಲಿ 20 ಸಾಕು. ಹೀಗೆ ಕನೆಕ್ಷನ್ ಸೋರಿಕೆ ಇದ್ದರೆ ಸಂಜೆವರೆಗೆ ಕಾಯದೆ ಕೋಡ್ ಬರೆದ ಕೂಡಲೇ ಗೊತ್ತಾಗಲಿ. ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಅನ್ನು 30 ಸೆಕೆಂಡ್ ಇಡಿ. 2016ರ 9.6 ಆವೃತ್ತಿಯಿಂದ ಇದು ಇದೆ, ಸುಮ್ನೆ ಆಫ್ ಆಗಿ ಬಿದ್ದಿರುತ್ತದೆ. ಆನ್ ಮಾಡಿದರೆ ಅಂಥ ಸೆಷನ್ ಅನ್ನು ಸರ್ವರೇ ಕಡಿದು ಲಾಗ್‌ನಲ್ಲಿ ಬರೆಯುತ್ತದೆ. ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಜಾಸ್ತಿ ಹೊತ್ತು ನಿಲ್ಲಿಸುವವರಾದರೆ ಅವಧಿ ಸ್ವಲ್ಪ ಹೆಚ್ಚಿಸಿ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಅಪ್ಲಿಕೇಶನ್_ನೇಮ್ ಕೂಡ ಕೊಡಿ. ಯಾವ ಸಾಲು ಆ್ಯಪ್‌ನದು, ಯಾವುದು ಟೆಸ್ಟ್‌ನದು ಅಂತ ನೋಡಿದ ತಕ್ಷಣ ತಿಳಿಯುತ್ತದೆ.

ಮುಂದಿನ ಸಲ ಎರರ್ ಬಂದಾಗ ರೀಸ್ಟಾರ್ಟ್‌ಗೆ ಕೈ ಹಾಕುವ ಮುಂಚೆ ಸ್ಟೇಟ್ ಕಾಲಮ್ ನೋಡಿ. 'ಐಡಲ್ ಇನ್ ಟ್ರಾನ್ಸಾಕ್ಷನ್' ಇದ್ದರೆ ನನ್ನ ಕಥೆಯೇ. ಬರೀ 'ಐಡಲ್' ಇದ್ದರೆ ಕಾರಣ ಬೇರೆ: ಫೈಲ್ ಸೇವ್ ಮಾಡಿದಾಗಲೆಲ್ಲ ಹಾಟ್ ರೀಲೋಡ್ (ಕೋಡನ್ನು ತಾನೇ ಮತ್ತೆ ಲೋಡ್ ಮಾಡುವ ವ್ಯವಸ್ಥೆ) ಹೊಸ ಪೂಲ್ ಕಟ್ಟಿ, ಹಳೆಯದನ್ನು ಮುಚ್ಚದೆ ಬಿಡುತ್ತಿರಬಹುದು. ಆಗ ಪೂಲ್ ಅನ್ನು ಗ್ಲೋಬಲ್ ವೇರಿಯಬಲ್‌ನಲ್ಲಿಡಿ, ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಮಾತ್ರ ಹೊಸದು ಮಾಡಿ.