ಬೆನ್ನಲ್ಲಿ ಪರದೆ ಇಲ್ಲದ ಕ್ಯಾಮೆರಾ: ಮೇಷ್ಟ್ರಿಗೊಂದು ಉತ್ತರ

ದಾವಣಗೆರೆಯಿಂದ ನಿವೃತ್ತ ಗಣಿತ ಮೇಷ್ಟ್ರೊಬ್ರು ಪತ್ರ ಬರ್ದಿದಾರೆ. ಹೋದ ಸಂಚಿಕೇಲಿ ಫಿಲ್ಮ್ ರೋಲ್ ಹಾಕೋ ಹಳೇ ಥರದ ರೀಲ್ ಕ್ಯಾಮೆರಾ ಹಿಡ್ಕೊಂಡು ಓಡಾಡೋ ಹುಡುಗ್ರ ಬಗ್ಗೆ ಲೇಖನ ಬಂದಿತ್ತಲ್ಲ, ಅದನ್ನ ಓದಿ ಸಿಟ್ಟಾಗಿದಾರೆ. ಪತ್ರದ ಸಾರ ಇಷ್ಟು: "ಒಂದು ಕಲರ್ ರೋಲು, ತೊಳೆಸೋದು, ಸ್ಕ್ಯಾನು ಎಲ್ಲಾ ಸೇರಿ ಮೊಮ್ಮಗನಿಗೆ 1,620 ರೂಪಾಯಿ ಆಗಿದೆ. ರೋಲಿಗೆ 36 ಫೋಟೋ, 36ರಿಂದ ಭಾಗಿಸಿ, ಫೋಟೋಗೆ 45 ರೂಪಾಯಿ! ಅದ್ರಲ್ಲೂ ಒಂಬತ್ತು ಮಸುಕು. ಜೇಬಲ್ಲಿರೋ ಫೋನು ಇದಕ್ಕಿಂತ ಚೆನ್ನಾಗಿ ತೆಗಿಯತ್ತೆ, ಅದೂ ಪುಕ್ಕಟೆ. ಷೋಕಿ ಅಲ್ದೆ ಮತ್ತೇನಿದು? ಎಣಿಸಿ ತೆಗಿಯೋದೇ ಖುಷಿ ಅಂತಿದ್ರೆ ಡಿಜಿಟಲ್ಲಲ್ಲೇ 36ಕ್ಕೆ ನಿಲ್ಲಿಸ್ಲಿ. ನಮ್ಮನೆ ಅಟ್ಟದಲ್ಲೂ ಒಂದು ಹಳೇ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಬಿದ್ದಿದೆ, ಗುಜರಿಗೆ ಹಾಕೋದೇ."

ಮೇಷ್ಟ್ರೇ, ನಮಸ್ಕಾರ. ನಿಮ್ಮ ಭಾಗಾಕಾರದಲ್ಲಿ ತಪ್ಪು ಹುಡುಕೋ ಧೈರ್ಯ ನಂಗಿಲ್ಲ. ಕ್ವಾಲಿಟಿ ವಿಷಯದಲ್ಲೂ ಜಗಳ ಇಲ್ಲ, ಕತ್ಲಲ್ಲಿ, ಓಡೋ ಮಗು, ಹಾರೋ ಹಕ್ಕಿ ಇದಕ್ಕೆಲ್ಲ ಡಿಜಿಟಲ್ಲೇ ಸರಿ, ಮದುವೆ ಪೂರ್ತಿ ರೀಲಲ್ಲೇ ತೆಗಿತೀನಿ ಅಂತ ಯಾರಾದ್ರೂ ಬಂದ್ರೆ ನಾನೇ ಕೈ ಮುಗ್ದು ಬೇಡ ಅಂತೀನಿ. "ಫಿಲ್ಮಲ್ಲಿ ಆತ್ಮ ಇದೆ ಸಾರ್" ಅನ್ನೋರ ಮಾತೂ ನಂಗೆ ಅಷ್ಟಕ್ಕಷ್ಟೆ, ಕೊನೆಗೆ ಅದನ್ನ ಸ್ಕ್ಯಾನ್ ಮಾಡಿ ಇನ್‌ಸ್ಟಾಗ್ರಾಮಿಗೆ ತಾನೇ ಹಾಕೋದು.

ಆದ್ರೆ ಆ 36ಕ್ಕೆ ನಿಲ್ಲಿಸೋ ಸಲಹೆ ಇದೆಯಲ್ಲ, ಅದನ್ನ ನಾನು ಮಾಡಿ ನೋಡಿದೀನಿ. ಡಿಜಿಟಲ್ ಕ್ಯಾಮೆರಾ ತಗೊಂಡು ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋದೆ, ಇವತ್ತು 36, ಮುಗ್ದ ಮೇಲೆ ಮನೆ, ಅಲ್ಲೀವರೆಗೂ ಕ್ಯಾಮೆರಾ ಹಿಂದಗಡೆ ಪರದೆ ನೋಡಲ್ಲ ಅಂತ ಶಪಥ. ಏಳನೇ ಫೋಟೋಗೇ ನೋಡ್ದೆ. ನೋಡಿ, ಡಿಲೀಟ್ ಮಾಡಿ, ಲೆಕ್ಕಕ್ಕಿಲ್ಲ ಅಂತ ನನಗೆ ನಾನೇ ಮಾಫಿ ಕೊಟ್ಕೊಂಡೆ. ಏಕಾದಶಿ ದಿನ ಹೋಳಿಗೆ ಡಬ್ಬ ತೊಡೆ ಮೇಲಿಟ್ಕೊಂಡು ಉಪವಾಸ ಮಾಡ್ದಂಗಾಯ್ತು.

ನಂಗೆ ಅನ್ಸೋದು, ಎಲ್ಲಾ ಆಟ ಇರೋದು ಆ ಪರದೇಲಿ. ಸೆನ್ಸರು, ಮೆಗಾಪಿಕ್ಸೆಲ್ಲು ಅಲ್ಲ. ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲಿ ಮಾಡಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನ ಕ್ಯಾಸೆಟ್ ಟೇಪಿಗೆ ಇಳಿಸೋಕೆ 23 ಸೆಕೆಂಡ್ ತಗೊಳ್ತಿತ್ತು, ನೋಡಬೇಕಂದ್ರೆ ಟಿವಿಗೆ ಹಾಕ್ಬೇಕಿತ್ತು. ಬೆನ್ನಲ್ಲೇ ಪರದೆ ಇಟ್ಕೊಂಡು ಮನೆಮಂದಿ ಕೈಗೆ ಬಂದಿದ್ದು 1995ರ ಕ್ಯಾಸಿಯೋ ಕ್ಯೂವಿ-10, ಪರದೆ 1.8 ಇಂಚು. ಅಲ್ಲಿಂದ ಫೋಟೋ ತೆಗಿಯೋದು ಅಂದ್ರೆ ತೆಗೆದು ನೋಡೋದು ಅಂತಾಯ್ತು. ಎರಡೂ ಒಂದೇ ಕೆಲಸ ಅಲ್ಲ ಮೇಷ್ಟ್ರೇ.

ನಮ್ಮ ಚಿಕ್ಕಮ್ಮನ ಉದಾಹರಣೆ ಕೊಡ್ತೀನಿ. ಬೇಸಿಗೇಲಿ ತಾರಸಿ ಮೇಲೆ ಹಳೇ ಪಂಚೆ ಹಾಸ್ಕೊಂಡು ಸಂಡಿಗೆ ಇಡ್ತಾರೆ, ಪಕ್ಕದಲ್ಲಿ ಕಾಗೆ ಓಡಿಸೋಕೆ ಒಂದು ಕೋಲು. ಫೋನಲ್ಲಿ ಫೋಟೋ ತೆಗೆದೆ ಅನ್ಕೊಳಿ, ತಕ್ಷಣ ಕೈ ಒರೆಸ್ಕೊಂಡು "ತೋರ್ಸೋ, ತೋರ್ಸೋ", ನೋಡಿ "ಅಯ್ಯೋ ಸೆರಗು ನೋಡು, ಇನ್ನೊಂದು ತೆಗಿ" ಅಂತ ನೆಟ್ಟಗೆ ಕೂತ್ಬಿಡ್ತಾರೆ, ಅಷ್ಟೊತ್ತಿಗೆ ಸಂಡಿಗೆ ಹಿಟ್ಟೂ ಆರ್ತು, ಕಾಗೆನೂ ಬಂತು. ರೀಲ್ ಕ್ಯಾಮೆರಾ ಆದ್ರೆ "ಎಲ್ಲಿ ನೋಡಣ" ಅಂತಾರೆ, "ರೀಲು ಮುಗೀಬೇಕು ಚಿಕ್ಕಮ್ಮ" ಅಂದ್ರೆ "ಮುಗ್ದ ಮೇಲೆ ಬಾ ಹಂಗಾದ್ರೆ" ಅಂತ ವಾಪಸ್ ಸಂಡಿಗೆಗೆ ಬಗ್ಗುತಾರೆ. ಆಮೇಲೆ ನಾನಿದ್ದೀನಿ ಅನ್ನೋದೇ ಅವ್ರಿಗೆ ಮರ್ತೋಗತ್ತೆ. ನಂಗೆ ಬೇಕಿದ್ದ ಫೋಟೋ ಅಲ್ಲಿಂದ ಶುರು.

ಅದು ಬಂತೋ ಇಲ್ವೋ ಅಂತ ಗೊತ್ತಾಗೋಕೆ ಮೂರು ವಾರ ಹಿಡೀತು, ಯಾಕಂದ್ರೆ ರೀಲಲ್ಲಿ ಇನ್ನೂ ಹದಿನಾಲ್ಕು ಉಳ್ದಿತ್ತು. ಕಪ್ಪು ಬಿಳುಪು ರೀಲು, ಇಲ್ಫರ್ಡ್ ಎಚ್‌ಪಿ5. ಇದನ್ನ ಮನೇಲೇ ತೊಳಿಬಹುದು, ಡಾರ್ಕ್ ರೂಮೇ ಬೇಕಂತಿಲ್ಲ, ತೋಳು ತೂರಿಸೋ ಕಪ್ಪು ಚೀಲದೊಳಗೆ ಕೈ ಹಾಕಿ ಕುರುಡುಗಣ್ಣಲ್ಲಿ ಫಿಲ್ಮನ್ನ ಸುರುಳಿಗೆ ಏರಿಸಿ ಬೆಳಕು ಹೋಗದ ಡಬ್ಬೀಲಿಡ್ಬೇಕು ಅಷ್ಟೆ. ಅಷ್ಟೆ ಅಂದೆ, ಏಪ್ರಿಲ್‌ನಲ್ಲಿ ಅಂಗೈ ಬೆವ್ತು ಫಿಲ್ಮು ಅಂಟ್ಕೊಂಡು ಅರ್ಧ ಗಂಟೆ ಒದ್ದಾಡಿದೀನಿ. ಡಿ-76 ಅನ್ನೋ ಡೆವಲಪರ್, ಅಂದ್ರೆ ಚಿತ್ರ ಮೂಡಿಸೋ ದ್ರಾವಣ, 20 ಡಿಗ್ರೀಲಿರ್ಬೇಕು, ನಲ್ಲಿ ನೀರು ಅದಕ್ಕಿಂತ ಬಿಸಿ, ಹಾಗಾಗಿ ಬಕೆಟ್ಟಲ್ಲಿ ಐಸ್ ಕ್ಯೂಬ್ ಹಾಕಿ ಬಾಟ್ಲಿ ಕೂರಿಸಿ ಥರ್ಮಾಮೀಟರ್ ಹಿಡ್ಕೊಂಡು ಕಾಯೋದು, ಜ್ವರ ಬಂದ ಕೂಸಿನ ಹತ್ರ ಕೂತಂಗೆ. ಏಳೂವರೆ ನಿಮಿಷ ಡೆವಲಪರ್ರು, ನಿಮಿಷಕ್ಕೊಂದ್ಸಲ ಡಬ್ಬಿ ತಿರುವಿ ಹಾಕೋದು, ಆಮೇಲೆ ಅದರ ಕೆಲಸ ನಿಲ್ಲಿಸೋ ಸ್ಟಾಪ್ ಬಾತು, ಆಮೇಲೆ ಚಿತ್ರ ಗಟ್ಟಿ ಮಾಡೋ ಹೈಪೊ. ತೊಳ್ದು ಬಚ್ಚಲುಮನೆ ತಂತಿಗೆ ಬಟ್ಟೆ ಕ್ಲಿಪ್ ಹಾಕಿ ನೇತಾಕ್ದೆ. ಲೈಟಿಗೆ ಹಿಡಿದ್ರೆ, ನೆಗೆಟಿವ್ ಅಲ್ವಾ, ಕಪ್ಪು ಬಿಳುಪು ಎಲ್ಲಾ ಉಲ್ಟಾ, ಚಿಕ್ಕಮ್ಮನ ನರೆಗೂದಲು ಕರ್ರಗೆ, ಪಂಚೆ ಕರ್ರಗೆ, ಮೂಲೇಲಿ ಒಂದು ಬೆಳ್ಳನೆ ಕಾಗೆ. ಆ ಕಾಗೆ ಅಲ್ಲಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ!

ಎಲ್ಲಾ ಸಲ ಹೀಗೇ ಆಗಲ್ಲ ಬಿಡಿ. ಹಂಪೀಲಿ ಒಂದಿಡೀ ದಿನ ತೆಗೆದೆ, ಕೌಂಟರು 36 ದಾಟ್ತು, 37, 38, 39, ಪರವಾಗಿಲ್ಲ ಕಂಪನಿಯೋರು ಧಾರಾಳಿಗಳು ಅಂತ ಹಿಗ್ಗಿದೆ. ರೀಲು ಒಳಗೆ ಕಚ್ಕೊಂಡೇ ಇರ್ಲಿಲ್ಲ. ಲಿವರ್ ಎಳೆದಾಗೆಲ್ಲ ಎಡಗಡೆ ತಿರುಗಣೆ ಸುತ್ತುತ್ತಾ ಅಂತ ನೋಡ್ಬೇಕಿತ್ತು, ನೋಡಿರ್ಲಿಲ್ಲ, ಪೂರ್ತಿ ನಂದೇ ತಪ್ಪು. ಆದ್ರೆ ವಿಚಿತ್ರ ಏನಂದ್ರೆ ಆ ಬರದೇ ಹೋದ ಫೋಟೋಗಳಲ್ಲಿ ಹತ್ತನ್ನಾದ್ರೂ ಈಗ್ಲೂ ಹೇಳಬಲ್ಲೆ, ತೆಪ್ಪದವನ ಕೆಂಪು ಟವೆಲ್ಲು, ಕಲ್ಲಿನ ಮೇಲೆ ಒಣಗಿ ಹಾಕಿದ್ದ ಸೀರೆ, ಎಲ್ಲಾ. ಫೋನಲ್ಲಿ ಹೋದ ತಿಂಗಳು ತೆಗೆದ ನಾನೂರರಲ್ಲಿ ಒಂದು ಹೇಳಪ್ಪ ಅಂದ್ರೆ ತಡವರಿಸ್ತೀನಿ.

ದುಡ್ಡಿಗೆ ಬರೋಣ. ದುಬಾರಿ ಹೌದು, ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೀಲು ಸಿಗ್ತಿದ್ದ ಕಾಲ ಅಲ್ಲ ಇದು. ಮೊಮ್ಮಗನಿಗೆ ಒಂದು ಫೋಟೋ ಜಾಗದಲ್ಲಿ ಎರಡು ತೆಗಿಯೋ ಹಾಫ್ ಫ್ರೇಮ್ ಕ್ಯಾಮೆರಾ ನೋಡು ಅನ್ನಿ, 36ರ ರೀಲಲ್ಲಿ 72 ಬರತ್ತೆ, ಪೆಂಟಾಕ್ಸ್‌ನವ್ರು 2024ರಲ್ಲೂ ಅಂಥದ್ದೊಂದು ಹೊಸದಾಗಿ ಬಿಟ್ಟಿದಾರೆ. ರೀಲಿನ ಪಾಲು ಅರ್ಧ ಆಗತ್ತೆ, ಭಾಗಾಕಾರ ನಿಮಗೇ ಬಿಟ್ಟಿದ್ದು. ಮಸುಕಾದ ಒಂಬತ್ತನ್ನ ಮಾತ್ರ ಬಯ್ಯಬೇಡಿ. ಯಾವುದು ಯಾಕೆ ಮಸುಕಾಯ್ತು ಅಂತ ಕೇಳಿ, ಅವ್ನು ಒಂಬತ್ತಕ್ಕೂ ಕಾರಣ ಹೇಳ್ತಾನೆ ಅಂತ ಪಂದ್ಯ ಕಟ್ತೀನಿ.

ಮತ್ತೆ ಆ ಕ್ಲಿಕ್ ಥ್ರೀ. ದಯವಿಟ್ಟು ಗುಜರಿಗೆ ಹಾಕ್ಬೇಡಿ, ಹಿಂದಿನ ಮುಚ್ಚಳನೂ ಈಗ್ಲೇ ತೆಗೀಬೇಡಿ. ಬೆನ್ನಲ್ಲಿ ಕೆಂಪು ಗಾಜಿನ ಒಂದು ಪುಟ್ಟ ಕಿಂಡಿ ಇರತ್ತೆ, ಅದೇ ಅದರ ಪರದೆ ಅನ್ಕೊಳಿ, ತೋರ್ಸೋದು ಬರೀ ಅಂಕಿ. 12ರೊಳಗಿನ ಯಾವ್ದಾದ್ರೂ ಅಂಕಿ ಕಾಣ್ತಾ ಇದ್ರೆ ಒಳಗೆ ರೀಲು ಇನ್ನೂ ಇದೆ ಅಂತ ಅರ್ಥ. ಅಂಕಿಗಳೆಲ್ಲ ದಾಟಿ ಕಾಗದ ಪೂರ್ತಿ ಬಿಡೋವರೆಗೂ ಸುತ್ತಿ, ಮೊಮ್ಮಗನ್ನ ಕೂರಿಸ್ಕೊಂಡು ನೆರಳಲ್ಲಿ ಮುಚ್ಚಳ ತೆಗ್ಸಿ, ರೀಲು ಸಡಿಲ ಆಗದಂಗೆ ಅಂಟಿಸಿ, ಕಪ್ಪು ಕಾಗದ ಸುತ್ತಿ ನಮ್ಮ ವಿಳಾಸಕ್ಕೆ ಕಳ್ಸಿ. ತೊಳೆಯೋ ಖರ್ಚು ನಂದು. ಬರೀ ಮಂಜು ಮಂಜಾಗಿ ಬಂದ್ರೂ ಬರಬಹುದು, ಹೇಳಕ್ಕಾಗಲ್ಲ.

— ಸಂ.