ಟೂರಿನಲ್ಲಿ ನನಗೂ ರಜೆ ಇದೆಯಾ ಮೇಡಂ?

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಮನೆ. ರೇಷ್ಮೆ ನೂಲಿನ ವ್ಯಾಪಾರ. ಆ ಮನೆಯ ಸೊಸೆ, ವಯಸ್ಸು 44, ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಬಂದರು. ಎದೆ ಡವಡವ ಅನ್ನುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಇಸಿಜಿ, ಥೈರಾಯ್ಡ್, ಶುಗರ್ ಎಲ್ಲಾ ಪರೀಕ್ಷೆ ಮಾಡಿಸಿದ್ದರು, ಯಾವುದರಲ್ಲೂ ತೊಂದರೆ ಇರಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. "ಹಡಗಿನ ಟಿಕೆಟ್ ಬುಕ್ ಆದಾಗಿನಿಂದ" ಅಂದರು.

ಅತ್ತೆ-ಮಾವನ ಮದುವೆಯಾಗಿ 50 ವರ್ಷ. ಆ ಖುಷಿಗೆ ಮಗ ಇಡೀ ಮನೆಯವರನ್ನು ಕ್ರೂಸ್‌ಗೆ ಕರೆದೊಯ್ಯಲು ಹೊರಟಿದ್ದರು. ಸಿಂಗಪುರದಲ್ಲಿ ಹಡಗು ಹತ್ತಿ, ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ವಾಪಸ್, ನಾಲ್ಕು ರಾತ್ರಿ. ಒಟ್ಟು ಎಂಟು ಜನ. ತಾತನಿಗೆ 77. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸೋತಿವೆ. ವಾಕರ್ ಹಿಡಿದು ನಿಧಾನವಾಗಿ ನಡೆಯುತ್ತಾರೆ. ಮಾತು ತೊದಲುತ್ತದೆ, ಬುದ್ಧಿ ಮಾತ್ರ ಚುರುಕು. ಅಜ್ಜಿಗೆ 70, ಎರಡೂ ಮಂಡಿ ಸವೆದಿವೆ. ಬೆಂಗಳೂರಿನಲ್ಲಿರುವ ಮಗಳ ಹುಡುಗನಿಗೆ ಎಂಟು ವರ್ಷ. ಅವನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ಕಡಿಮೆ), ಓಡಾಟವೆಲ್ಲ ವೀಲ್‌ಚೇರ್‌ನಲ್ಲಿ. ಉಳಿದವರು ಮಗ, ಸೊಸೆ, ಕಾಲೇಜಿಗೆ ಹೋಗುವ ಅವರ ಮಗಳು, ಮತ್ತೆ ಹುಡುಗನ ಅಮ್ಮ, ಅಪ್ಪ (ಆ ಮನೆಯ ಮಗಳು, ಅಳಿಯ).

ಸೊಸೆಯ ದಿನ ಬೆಳಗ್ಗೆ ಐದಕ್ಕೆ ಶುರು. ಮಾವನನ್ನು ಎಬ್ಬಿಸಿ ಟಾಯ್ಲೆಟ್‌ಗೆ ಕರೆದೊಯ್ಯುವುದು, ಸ್ನಾನ, ಬಟ್ಟೆ, ಮಾತ್ರೆ ಎಲ್ಲಾ ಅವರದೇ. ಮನೆಯ ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಾರೆ, ಎತ್ತರದ ಕಮೋಡ್ ಇದೆ, ಕೂತು ಸ್ನಾನ ಮಾಡಲು ಕುರ್ಚಿ ಇದೆ. "ಹಡಗಿನ ಬಚ್ಚಲು ಹೆಂಗಿರುತ್ತೋ ಗೊತ್ತಿಲ್ಲ. ಅಲ್ಲಿ ಮಾವ ಜಾರಿ ಬಿದ್ದರೆ ನಾನೇ ಎತ್ತಬೇಕು. ಎಲ್ಲರೂ ಟೂರು ಅಂತಿದ್ದಾರೆ. ನನಗೂ ಅಲ್ಲಿ ರಜೆ ಇದೆಯಾ ಮೇಡಂ?" ಅಂದರು.

ಆತಂಕ ಕಡಿಮೆ ಮಾಡುವ ಉಸಿರಾಟದ ಅಭ್ಯಾಸ, ಮಲಗುವ ಹೊತ್ತಿನ ಶಿಸ್ತು ಹೇಳಿಕೊಟ್ಟೆ. ರಾತ್ರಿ ತೀರಾ ತಡೆಯಲಾಗದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂದೆ. ಆದರೆ ಇವರ ಭಯವನ್ನು ಕಾಯಿಲೆ ಅಂತ ನೋಡುವುದು ಸರಿಯಲ್ಲ ಅನಿಸಿತು. ಮೂರು ವರ್ಷ ಒಬ್ಬರ ದೇಹವನ್ನು ಎತ್ತಿ ಇಳಿಸಿದವರಿಗೆ ಎಲ್ಲಿ ಕಾಲು ಜಾರುತ್ತದೆ ಅಂತ ಗೊತ್ತಿರುತ್ತದೆ. ಟಿಕೆಟ್ ಮಾಡಿಸಿದವರಿಗೆ ಅದು ಗೊತ್ತಿರಲಿಲ್ಲ. ಕೇಳುವವರೂ ಇರಲಿಲ್ಲ.

ಅವರು ಒಪ್ಪಿದ ಮೇಲೆ ಗಂಡನನ್ನು ಬರಹೇಳಿದೆ. ಒಳ್ಳೆಯ ಮನುಷ್ಯ. ಬಂದ ಕೂಡಲೇ ನೋವು ತೋಡಿಕೊಂಡರು. "ಅಪ್ಪ ಐಸಿಯುನಲ್ಲಿದ್ದಾಗ ಹರಕೆ ಹೊತ್ತಂಗೆ ಅಂದ್ಕೊಂಡಿದ್ದೆ ಮೇಡಂ, ಉಳಿದುಕೊಂಡರೆ ಸಮುದ್ರ ತೋರಿಸ್ತೀನಿ ಅಂತ. ಇವಳಿಗೆ ಅದು ಅರ್ಥವಾಗ್ತಿಲ್ಲ." ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆದರೆ ಆ ಪ್ರೀತಿಯ ದುಡ್ಡಿನ ಕೆಲಸ ಅವರದು, ಕೈ ಕೆಲಸ ಹೆಂಡತಿಯದು. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಇದೆ, ಅಲ್ವಾ? ಅಪ್ಪನ ಸೇವೆ ಮಗ ಮಾಡುತ್ತಾನೆ ಎಂದು ಊರು ಹೊಗಳುತ್ತದೆ. ಬೆಳಗ್ಗೆ ಬಚ್ಚಲಲ್ಲಿ ಇರುವವಳು ಸೊಸೆ.

ಅವರಿಗೆ ಹೇಳಿದ್ದು ಇಷ್ಟೇ: ಹೊರಡುವ ಮುಂಚೆ ಮೂರು ವಾರ ಅಪ್ಪನ ಬೆಳಗಿನ ಕೆಲಸ ಪೂರ್ತಿ ನೀವೇ ಮಾಡಿ. ಹೆಂಡತಿ ಪಕ್ಕದಲ್ಲಿ ನಿಂತು ಹೇಳಿಕೊಡಬಹುದು, ಕೈ ಹಾಕಬಾರದು. ಹಡಗಿನಲ್ಲೂ ಬೆಳಗಿನ ಪಾಳಿ ನಿಮ್ಮದೇ.

ಒಪ್ಪಿದರು. ನಾಲ್ಕೇ ದಿನಕ್ಕೆ ಫೋನ್ ಬಂತು. ಅಪ್ಪ ಟಾಯ್ಲೆಟ್‌ಗೆ ಹೋಗಬೇಕು ಅಂತ ಕೊನೇ ಗಳಿಗೆವರೆಗೂ ಬಾಯಿ ಬಿಡುವುದಿಲ್ಲ, ನಾಚಿಕೊಳ್ಳುತ್ತಾರೆ ಅನ್ನುವುದು ಮಗನಿಗೆ ಆವತ್ತೇ ತಿಳಿದದ್ದು. ಅದೇ ದಿನ ಟೇಪು ಹಿಡಿದು ಮನೆಯ ಬಚ್ಚಲ ಬಾಗಿಲು, ವಾಕರ್, ತಂಗಿಯ ಹುಡುಗನ ವೀಲ್‌ಚೇರ್ ಎಲ್ಲಾ ಅಳೆದಿದ್ದರು. ಆಮೇಲೆ ಏಜೆಂಟ್‌ಗೆ ಫೋನ್ ಮಾಡಿ, ಕೋಣೆ ಬಾಗಿಲು ಎಷ್ಟು ಇಂಚು, ಬಚ್ಚಲ ಬಾಗಿಲು ಎಷ್ಟು ಇಂಚು ಎಂದು ಕೇಳಿದರಂತೆ. "ವೀಲ್‌ಚೇರ್ ಎಲ್ಲಾ ಸಿಗುತ್ತೆ ಸಾರ್" ಅಂದಿದ್ದ ಏಜೆಂಟ್ ಬಳಿ ಇದಕ್ಕೆ ಉತ್ತರ ಇರಲಿಲ್ಲ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಥ ಪ್ರವಾಸ ಯೋಚಿಸುವ ಮನೆಗಳು ಈಗ ಜಾಸ್ತಿ. ಹಡಗಿನ ಸಾಮಾನ್ಯ ಕೋಣೆಯ ಬಾಗಿಲು ಹೆಚ್ಚು ಕಡಿಮೆ 22-23 ಇಂಚು ಇರುತ್ತದೆ. ದೊಡ್ಡವರ ವೀಲ್‌ಚೇರ್ ಅದರಲ್ಲಿ ತೂರುವುದಿಲ್ಲ. ಬಚ್ಚಲಿಗೆ ನೀರು ಹೊರಬರದಂತೆ ಎತ್ತರದ ಹೊಸ್ತಿಲು ಬೇರೆ. ಸೋತ ಕಾಲನ್ನು ಎಳೆದು ನಡೆಯುವವರಿಗೆ ಅದೇ ಅಪಾಯ. ಅಂಗವಿಕಲರಿಗೆ ಅಂತಲೇ ಕೆಲವು ಕೋಣೆಗಳಿರುತ್ತವೆ. ಬಾಗಿಲು ಸುಮಾರು 32 ಇಂಚು, ಹೊಸ್ತಿಲಿಲ್ಲದ ಬಚ್ಚಲು, ಗೋಡೆಗೆ ಕಂಬಿ, ಕೂತು ಸ್ನಾನ ಮಾಡಲು ಸೀಟು. ಆದರೆ ಸಾವಿರಾರು ಜನ ಹತ್ತುವ ಹಡಗಿನಲ್ಲೂ ಇಂಥವು ಕೆಲವೇ ಕೆಲವು. ಬೇಗ ತುಂಬುತ್ತವೆ. ಇವರಿಗೆ ಬೇಕಿದ್ದದ್ದು ಎರಡು: ಒಂದು ತಾತನಿಗೆ, ಒಂದು ಹುಡುಗನಿಗೆ. ಗೊತ್ತುಮಾಡಿದ್ದ ದಿನಕ್ಕೆ ಒಂದೇ ಉಳಿದಿತ್ತು.

ತಾರೀಕು ಮುಂದೆ ಹಾಕೋಣವೇ ಎಂದು ಮನೆಯಲ್ಲಿ ವಾದ ಎದ್ದಿತು. ಮದುವೆಯ ದಿನ ಹಡಗಿನಲ್ಲೇ ಕಳೆಯಬೇಕು ಅನ್ನುವುದು ಮಗನ ಆಸೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿದೆ: ತಾರೀಕು ಬದಲಿಸಿ. ಮದುವೆಯ ದಿನ ಮನೆಯಲ್ಲಿ ಪಾಯಸ ಮಾಡಿ. ಇಬ್ಬರಲ್ಲಿ ಯಾರಿಗೆ ಸರಿಯಾದ ಬಚ್ಚಲು ಸಿಗಬೇಕು ಅಂತ ತಾತ-ಮೊಮ್ಮಗನ ನಡುವೆ ಆರಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಬದಲಿಸಿದರು.

ಅಷ್ಟರಲ್ಲಿ ಅಜ್ಜಿಯದು ಬೇರೆಯೇ ತಕರಾರು. ಏರ್‌ಪೋರ್ಟ್‌ನಲ್ಲಿ ಬಹಳ ದೂರ ನಡೆಯಬೇಕು, ನಿಮಗೂ ವೀಲ್‌ಚೇರ್ ಹೇಳಿದ್ದೇವೆ ಎಂದಾಗ ಕೆಂಡವಾದರು. "ನಾನೇನು ಕಾಲಿಲ್ಲದೋಳಾ? ಯಾರಾದರೂ ನೋಡಿದರೆ ಏನಂದ್ಕೋತಾರೆ?" ಮೊಮ್ಮಗ ಅಲ್ಲೇ ಇದ್ದ. ಅವನ ತಾಯಿ ಎದ್ದು ಒಳಗೆ ಹೋದರು. ನಂತರ ಬೆಂಗಳೂರಿನಿಂದ ನನಗೆ ಫೋನ್ ಮಾಡಿ ಅತ್ತರು. ಹೊರಗಿನವರ ಮಾತು ಅಭ್ಯಾಸವಾಗಿದೆ, ಅಮ್ಮನ ಬಾಯಲ್ಲಿ ಬಂದದ್ದು ತಡೆಯಲಾಗಲಿಲ್ಲ ಎಂದರು.

ಅಜ್ಜಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ಬೈಯಲಿಲ್ಲ. ಅವರ ಕಾಲದಲ್ಲಿ ವೀಲ್‌ಚೇರ್ ಕಂಡದ್ದು ಆಸ್ಪತ್ರೆಯಲ್ಲಿ ಮಾತ್ರ, ಅದರಲ್ಲಿ ಕೂತವರು ಮನೆಗೆ ಬರುತ್ತಾರೋ ಇಲ್ಲವೋ ಅನ್ನುವ ಭಯ ಅವರದು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿ, ಆ ಕುರ್ಚಿ ಅಂದ್ರೆ ನಿಮಗೆ ಅಷ್ಟು ನಾಚಿಕೆ ಅಂತ ಮೊಮ್ಮಗನಿಗೆ ಗೊತ್ತಾಯ್ತು. ಅವನು ದಿನಾ ಅದರಲ್ಲೇ ಕೂರಬೇಕಲ್ವಾ?" ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ "ಅಯ್ಯೋ, ಮಗೀಗೆ ಅಂದದ್ದಲ್ಲ ತಾಯಿ" ಅಂದರು. ಅವನಿಗೆ ಅದನ್ನು ನೀವೇ ಹೇಳಿ ಅಂದೆ.

ಉಳಿದದ್ದು ತಾತ. ಎಲ್ಲರೂ ಅವರ ಪರವಾಗಿ ಮಾತಾಡುತ್ತಿದ್ದರು. ಅಪ್ಪನಿಗೆ ಬೀಚ್ ತೋರಿಸಬೇಕು, ಅಪ್ಪನಿಗೆ ದೇವಸ್ಥಾನ ತೋರಿಸಬೇಕು. ಎಲ್ಲರನ್ನೂ ಹೊರಗೆ ಕಳಿಸಿ ಅವರನ್ನೇ ಕೇಳಿದೆ. ಮಾತು ಬರಲು ಹೊತ್ತು ಹಿಡಿಯುತ್ತದೆ, ಕಾದೆ. "ನೋಡಮ್ಮಾ, ನನ್ನ ಎಲ್ಲೂ ಇಳಿಸಬ್ಯಾಡಿ. ನೀರು ಕಾಣೋ ಕಡೆ ಕೂರಿಸಿ. ಅವರು ಹೋಗ್ಬರಲಿ." ಕೆರೆ, ಬೋರ್‌ವೆಲ್ ನಂಬಿ ಬದುಕಿದ ಸೀಮೆಯವರು. ಕಣ್ಣು ಹಾಯುವಷ್ಟೂ ನೀರು ನೋಡಬೇಕು, ಅಷ್ಟೇ ಅವರ ಆಸೆ. ಇನ್ನೊಂದು ವಿಷಯ ತಲೆ ತಗ್ಗಿಸಿಕೊಂಡು ಹೇಳಿದರು: ವಿಮಾನದಲ್ಲಿ ಬಟ್ಟೆ ಒದ್ದೆಯಾದರೆ ಏನು ಗತಿ? ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ. ದೊಡ್ಡವರ ಡೈಪರ್ ಚಡ್ಡಿಯಂತೆಯೇ ಹಾಕಿಕೊಳ್ಳುವಂಥದ್ದು ಸಿಗುತ್ತದೆ, ಪ್ಯಾಂಟಿನ ಒಳಗೆ ಯಾರಿಗೂ ತಿಳಿಯುವುದಿಲ್ಲ, ಟಾಯ್ಲೆಟ್ ಹತ್ತಿರದ ಸೀಟು ಕೇಳಿ ಪಡೆಯಬಹುದು ಎಂದೆ. ಮುಖ ಸಡಿಲವಾಯಿತು. ಹಾಕಿಸುವವನು ಮಗನೇ ಆಗಬೇಕು, ಸೊಸೆ ಬೇಡ ಅಂದರು. ಮೂರು ವರ್ಷದಿಂದ ಅವರಿಗೂ ಅದು ಕಷ್ಟವಾಗಿತ್ತು.

ತಾತನ ಈ ಮಾತಿನಿಂದ ಯೋಜನೆಯ ಅರ್ಧ ಗಂಟು ಬಿಚ್ಚಿತು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಹೆಚ್ಚಾಗಿ ಪಟಾಂಗ್ ತೀರದಿಂದ ದೂರದಲ್ಲೇ ಲಂಗರು ಹಾಕುತ್ತವೆ. ದಡಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ಅಲೆಗೆ ಹಡಗು ಒಂದು ಕಡೆ, ದೋಣಿ ಒಂದು ಕಡೆ ಏರಿಳಿಯುತ್ತದೆ. ನಡುವೆ ಹೆಜ್ಜೆ ಇಡಲು ಆಗದವರನ್ನು ಸಿಬ್ಬಂದಿ ಎತ್ತಿ ಇಳಿಸುವುದಿಲ್ಲ, ಅಲೆ ಜಾಸ್ತಿ ಇದ್ದರೆ ಬೇಡ ಅಂದುಬಿಡುತ್ತಾರೆ. ಅಲ್ಲಿ ಹೋಗಿ ತಿಳಿದರೆ ದಿನವೆಲ್ಲ ಹಾಳು. ಪೆನಾಂಗ್‌ನಲ್ಲಿ ಹಾಗಲ್ಲ, ಹಡಗು ಜಾರ್ಜ್‌ಟೌನ್ ಊರಿನ ಪಕ್ಕದ ಧಕ್ಕೆಗೇ ಬಂದು ನಿಲ್ಲುತ್ತದೆ, ವೀಲ್‌ಚೇರ್ ಇಳಿಸಬಹುದು. ಹಾಗಾಗಿ ಪೆನಾಂಗ್ ಹುಡುಗನ ದಿನ ಎಂದು ತೀರ್ಮಾನವಾಯಿತು. ಫುಕೆಟ್‌ನಲ್ಲಿ ತಾತನ ಜೊತೆ ಮಗ, ಹುಡುಗನ ಜೊತೆ ಅವನಪ್ಪ ಹಡಗಿನಲ್ಲೇ ಇರುವುದು. ಸೊಸೆ, ನಾದಿನಿ, ಕಾಲೇಜು ಹುಡುಗಿ ದಡಕ್ಕೆ ಹೋಗುವುದು. ಅಜ್ಜಿ ಆವತ್ತಿನ ಮಂಡಿ ನೋಡಿಕೊಂಡು ನಿರ್ಧರಿಸುವುದು. ಯಾರು ಯಾವ ಹೊತ್ತಿಗೆ ಅಂತ ಕಾಗದದ ಮೇಲೆ ಬರೆಸಿದೆ. ಮೊದಲ ಸಲ ಬರೆದಾಗ ಸಂಜೆಯ ಪಾಳಿಯೆಲ್ಲ ಕಾಲೇಜು ಹುಡುಗಿಯ ಹೆಸರಿಗೆ ಬಂದಿತ್ತು. ಅವಳೇ ಒಪ್ಪಿಕೊಂಡಿದ್ದಳು, ನಿಜ. ಆದರೂ ಹೊಡೆದು ಹಾಕಿಸಿದೆ. ಅಮ್ಮನ ಹೊರೆ ಮಗಳ ತಲೆಗೆ ಹೋದರೆ ಏನು ಬದಲಾದ ಹಾಗಾಯಿತು? ಒಂದು ಸಂಜೆ ಅವಳು, ಉಳಿದವು ಅವಳಪ್ಪನಿಗೆ ಮತ್ತು ಆ ಮನೆಯ ಅಳಿಯನಿಗೆ.

ಒಂದು ಭಾನುವಾರ ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ, ಇದೇ ಪಾಳಿಯಲ್ಲಿ, ಎಂದು ಕಳಿಸಿದೆ. ಬೆಟ್ಟ ಬೇಡ, ಬುಡದಲ್ಲಿರುವ ಇದು ಸಾಕು. ಎತ್ತರದ ಕಲ್ಲಿನ ಹೊಸ್ತಿಲು, ಏರುಪೇರಾದ ಹಾಸುಗಲ್ಲು, ಜನ, ಬಿಸಿಲು. ಇಲ್ಲಿ ಕಷ್ಟವಾಗುವುದು ಅಲ್ಲೂ ಕಷ್ಟವೇ. ಟಾಯ್ಲೆಟ್ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಬೇಕು, ಕಾರಿನಿಂದ ಇಬ್ಬರನ್ನು ಇಳಿಸಲು ಅಂದುಕೊಂಡದ್ದಕ್ಕಿಂತ ಹೊತ್ತು ಬೇಕು ಅನ್ನುವುದು ತಿಳಿಯಿತು. ಸೊಸೆ ಕಲ್ಯಾಣಿಯ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದರಂತೆ. ಎರಡು ಸಲ ಎದ್ದು ಓಡಲು ಹೋದಾಗ ಗಂಡನೇ ತಡೆದರಂತೆ.

ಉಳಿದ ಸಲಹೆ ಬೇಗ ಹೇಳುತ್ತೇನೆ. ವಿಮಾನಕ್ಕೆ ವೀಲ್‌ಚೇರ್ ಬೇಕೆಂದು 48 ಗಂಟೆ ಮೊದಲೇ ತಿಳಿಸಿ. ಸ್ವಂತ ವೀಲ್‌ಚೇರ್ ಇದ್ದರೆ ವಿಮಾನದ ಬಾಗಿಲವರೆಗೂ ಅದರಲ್ಲೇ ಹೋಗುತ್ತೇವೆ ಎಂದು ಕೇಳಿ, ಬಿಚ್ಚಿ ಬರುವ ಕುಶನ್ ಕೈಯಲ್ಲಿ ಹಿಡಿದುಕೊಳ್ಳಿ. ಬ್ಯಾಟರಿಯದ್ದಾದರೆ ಬ್ಯಾಟರಿ ಯಾವ ಬಗೆ ಅಂತ ಮೊದಲೇ ಹೇಳಬೇಕು. ಹಡಗಿನ ಕಂಪನಿಗೂ ವಿಶೇಷ ನೆರವಿನ ಫಾರಂ ತುಂಬಿ ಕಳಿಸಿ. ಹಡಗು ಹತ್ತಿದ ಮೇಲೆ ಸುರಕ್ಷತಾ ಡ್ರಿಲ್ ಎಲ್ಲರಿಗೂ ಕಡ್ಡಾಯ. ತುರ್ತಿನಲ್ಲಿ ಲಿಫ್ಟ್ ನಂಬುವಂತಿಲ್ಲ, ಆದ್ದರಿಂದ ನಮ್ಮ ಕೋಣೆಯಲ್ಲಿ ಮೆಟ್ಟಿಲು ಇಳಿಯಲಾಗದವರು ಇದ್ದಾರೆ ಎಂದು ಆಗಲೇ ಸಿಬ್ಬಂದಿಗೆ ಹೇಳಿ ಬರೆಸಬೇಕು. ಪ್ರವಾಸ ವಿಮೆಯಲ್ಲಿ ಸ್ಟ್ರೋಕ್, ಬಿಪಿ ಮುಚ್ಚಿಡಬೇಡಿ. ಪ್ರೀಮಿಯಂ ಉಳಿಸಲು ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಕೈ ಖಾಲಿ. ಹಡಗಿನ ಡಾಕ್ಟರ ಬಿಲ್ ಬೇರೆಯೇ ಬರುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ಮಾತ್ರೆಯ ಹೊತ್ತು ಹೇಗೆ ಹೊಂದಿಸುವುದು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ವಾಂತಿ, ತಲೆಸುತ್ತಿನ ಮಾತ್ರೆ ವಯಸ್ಸಾದವರಿಗೆ ತೂಕಡಿಕೆ, ಗಲಿಬಿಲಿ ತರಬಹುದು, ಅದನ್ನೂ ಕೇಳದೆ ಕೊಡಬೇಡಿ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಇದ್ದರೆ ಸಿಂಗಪುರದ ಅನುಮತಿ ಮೊದಲೇ ಬೇಕಾಗಬಹುದು. ಗಸಗಸೆ ಅಲ್ಲಿ ನಿಷಿದ್ಧ, ಅಗಿಯುವ ತಂಬಾಕೂ ನಿಷಿದ್ಧ. ಅಜ್ಜಿಯ ಮಸಾಲೆ ಪುಡಿಯ ಡಬ್ಬಿ, ಎಲೆಯಡಿಕೆ ಚೀಲದ ಹೊಗೆಸೊಪ್ಪು ಎರಡನ್ನೂ ಮನೆಯಲ್ಲೇ ಬಿಡಿಸಿದೆವು.

ಹೋಗಿ ಬಂದರು. ಪೆನಾಂಗ್‌ನಲ್ಲಿ ಹುಡುಗ ಊರು ಸುತ್ತಿದ. ಎರಡನೇ ರಾತ್ರಿ ತಾತನಿಗೆ ಹೊಟ್ಟೆ ತೊಳಸಿ ಎಲ್ಲರೂ ಎದ್ದು ಕೂತಿದ್ದರು, ಬೆಳಗ್ಗೆ ಸರಿಹೋಯಿತು. ಅಜ್ಜಿ ಏರ್‌ಪೋರ್ಟ್‌ನಲ್ಲಿ ಮೊಮ್ಮಗನ ಪಕ್ಕದಲ್ಲೇ ವೀಲ್‌ಚೇರ್‌ನಲ್ಲಿ ಕೂತು ಹೋದರು. ಬಂದ ಮೇಲೆ ಮಂಡಿಯನ್ನು ಮೂಳೆ ಡಾಕ್ಟರಿಗೆ ತೋರಿಸುವುದಕ್ಕೂ ಒಪ್ಪಿದ್ದಾರೆ. ಸೊಸೆ ಫುಕೆಟ್ ದಡದಲ್ಲಿ ನಾದಿನಿಯ ಜೊತೆ ಕೂತು ಮಾತಾಡಿದ್ದನ್ನೇ ಹೆಚ್ಚು ಹೇಳಿದರು. ಇಬ್ಬರೂ ಬೇರೆಯವರ ದೇಹ ನೋಡಿಕೊಳ್ಳುವವರು, ಇಷ್ಟು ವರ್ಷದಲ್ಲಿ ಒಬ್ಬರಿಗೊಬ್ಬರು ಅದನ್ನು ಹೇಳಿಕೊಂಡಿರಲಿಲ್ಲ.

ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಊರಿಗೆ ಬಂದ ಮೇಲೆ ಮಗನ ಬೆಳಗಿನ ಪಾಳಿ ಭಾನುವಾರಕ್ಕೆ ಮಾತ್ರ ಇಳಿದಿದೆ. ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಬೇಗ ಹೋಗಬೇಕು ಅನ್ನುವುದು ಅವರ ಕಾರಣ. ವಾರಕ್ಕೆ ಮೂರು ದಿನ ನೀವೇ ಮಾಡಿ, ಉಳಿದ ದಿನಕ್ಕೆ ಒಬ್ಬ ಗಂಡು ಸಹಾಯಕನನ್ನು ನೇಮಿಸಿ, ಅದರ ಖರ್ಚನ್ನು ಅಣ್ಣ-ತಂಗಿ ಹಂಚಿಕೊಳ್ಳಿ ಎಂದು ಹೇಳಿದ್ದೇನೆ. ಮುಂದಿನ ಭೇಟಿಗೆ ತಾತನನ್ನೂ ಕರೆತರಲು ಹೇಳಿದ್ದೇನೆ. ಯಾರ ಕೈಯಿಂದ ಸ್ನಾನ ಮಾಡಿಸಿಕೊಳ್ಳಬೇಕು ಅನ್ನುವುದನ್ನು ಅವರೇ ಹೇಳಬೇಕು.